ಇಲ್ಲದ ಹರಕೆಯ ಮುಡಿ

ಅಪ್ಪನ ಹನ್ನೊಂದನೇ ದಿನದ ಕಾರ್ಯದಲ್ಲಿ ನಾನು ತಲೆ ಬೋಳಿಸಿಕೊಳ್ಳಲಿಲ್ಲ, ಮೀಸೆಯನ್ನೂ ತೆಗೆಸಲಿಲ್ಲ. ನಾನು ಹಿರಿಯ ಮಗ. ಕೊಳ್ಳಿ ಇಟ್ಟವನೂ ನಾನೇ. ಅವತ್ತು ಬಾವಿಕಟ್ಟೆಯ ಹತ್ತಿರ ನೆಂಟರಿಷ್ಟರ ಮುಂದೆ ನಿಂತು ದೇವರ ಹೆಸರಿನಲ್ಲಿ ಒಂದು ಸುಳ್ಳು ಹೇಳಿದೆ. ಆ ಸುಳ್ಳಿನಿಂದ ನನಗೆ ಒಂದು ವರ್ಷ ಒಳ್ಳೆಯ ಹೆಸರು ಬಂತು. ಕೆಟ್ಟ ಹೆಸರು ಬಂದಿದ್ದರೆ ಇಷ್ಟು ದಿನ ಅದನ್ನು ಹೊತ್ತು ತಿರುಗುತ್ತಿರಲಿಲ್ಲವೇನೋ.

ನನ್ನ ಊರು ಮಡಕಶಿರದ ಕಡೆ, ರತ್ನಗಿರಿಯ ಬೆಟ್ಟ ಕಾಣುವಷ್ಟು ದೂರದಲ್ಲಿದೆ. ಕುರಿ, ಸ್ವಲ್ಪ ಹೊಲ, ಅಪ್ಪ, ಅಮ್ಮ, ತಮ್ಮನ ಸಂಸಾರ ಎಲ್ಲ ಅಲ್ಲಿ. ನಾನು ಇಪ್ಪತ್ತು ವರ್ಷದ ಹಿಂದೆಯೇ ರಾಯದುರ್ಗಕ್ಕೆ ಬಂದು ಜೀನ್ಸ್ ಪ್ಯಾಂಟು ಹೊಲಿಯುವ ಶೆಡ್ಡು ಸೇರಿದೆ. ಈಗ ಕಟಿಂಗ್ ಮಾಸ್ಟರ್. ಬಟ್ಟೆಯನ್ನು ಪದರದ ಮೇಲೆ ಪದರ ಹಾಸಿ, ಸೀಮೆಸುಣ್ಣದಲ್ಲಿ ಗುರುತು ಹಾಕಿ, ಕರೆಂಟಿನ ಮಷೀನಿನಲ್ಲಿ ಒಟ್ಟಿಗೆ ಕತ್ತರಿಸುವ ಕೆಲಸ. ಕೈ ಕೂದಲೆಳೆಯಷ್ಟು ಅಲ್ಲಾಡಿದರೆ ನಲವತ್ತು ಪ್ಯಾಂಟು ಹಾಳು. ನನ್ನ ಕೈ ಅಲ್ಲಾಡುವುದಿಲ್ಲ ಅಂತ ಶೆಡ್ಡಿನಲ್ಲಿ ಎಲ್ಲರಿಗೂ ಗೊತ್ತಿತ್ತು. ನನಗೂ ಅದರ ಹೆಮ್ಮೆ ಇತ್ತು.

ನೋವು ಮೊದಲ ಸಲ ಬಂದದ್ದು ಆಷಾಢದ ಒಂದು ಬೆಳಿಗ್ಗೆ. ಗಾಡಿಯ ಮೇಲೆ ಶೆಡ್ಡಿಗೆ ಹೋಗುತ್ತಿದ್ದೆ. ರಾಯದುರ್ಗದಲ್ಲಿ ಆಷಾಢದ ಗಾಳಿ ಬೆಟ್ಟದ ಮಗ್ಗುಲಿನಿಂದ ಮಣ್ಣು ಎರಚಿಕೊಂಡೇ ಬರುತ್ತದೆ. ಆ ಗಾಳಿ ಬಲಗೆನ್ನೆಗೆ ತಾಗಿತು. ಕಿವಿಯ ಮುಂದಿನಿಂದ ಮೇಲ್ತುಟಿಯವರೆಗೆ ಯಾರೋ ಕರೆಂಟಿನ ತಂತಿ ಎಳೆದು ಸ್ವಿಚ್ಚು ಹಾಕಿದ ಹಾಗಾಯಿತು. ಗಾಡಿ ಎತ್ತ ಹೋಯಿತೋ ನೋಡಲಿಲ್ಲ. ಎರಡೂ ಕೈಯಲ್ಲಿ ಗಾಳಿಯನ್ನು ತಡೆಯುತ್ತ ರಸ್ತೆ ಬದಿಯಲ್ಲಿ ಕುಕ್ಕರಗಾಲಲ್ಲಿ ಕೂತಿದ್ದೆ. ಅರ್ಧ ನಿಮಿಷವೂ ಇರಲಿಲ್ಲ, ಹೋಯಿತು. ಹಾಲಿನ ಕ್ಯಾನು ಹೊತ್ತು ಬಂದವರೊಬ್ಬರು, "ಹೊತ್ತು ಹುಟ್ಟಾಕ ಮೊದಲಾ ಕುಡ್ದೀಯೇನಪಾ?" ಅಂತ ಕೇಳಿ ಗಾಡಿ ಎತ್ತಿ ನಿಲ್ಲಿಸಿಕೊಟ್ಟರು.

ಹಲ್ಲಿನ ನೋವು ಅಂದುಕೊಂಡೆ. ಹಲ್ಲಿನ ಡಾಕ್ಟರರ ಹತ್ತಿರ ಹಟ ಮಾಡಿ ಒಂದು ದವಡೆ ಹಲ್ಲು ಕೀಳಿಸಿದೆ. ನೋವು ನಿಲ್ಲಲಿಲ್ಲ. ಪಕ್ಕದ್ದನ್ನೂ ಕೀಳಿಸಿದೆ. ಎರಡೂ ಒಳ್ಳೆಯ ಹಲ್ಲು. ಕೊನೆಗೆ ಹೆಂಡತಿ ಬಳ್ಳಾರಿಗೆ ಕರೆದುಕೊಂಡು ಹೋಗಿ ನರದ ಡಾಕ್ಟರರಿಗೆ ತೋರಿಸಿದಳು. ಅವರು ನನ್ನ ಮುಖ ಮುಟ್ಟಲೂ ಇಲ್ಲ. ಕೇಳಿದ್ದಕ್ಕೆಲ್ಲ ನಾನು ಹೌದು ಅನ್ನುತ್ತ ಹೋದೆ. ಟ್ರೈಜೆಮಿನಲ್ ನ್ಯೂರಾಲ್ಜಿಯಾ, ಮುಖದ ನರದ ನೋವು ಅಂದರು. ತಲೆಯ ಸ್ಕ್ಯಾನ್ ಮಾಡಿಸಿದರು, ಮಾತ್ರೆ ಬರೆದರು.

"ಗಾಳಿಯಿಂದ ಬಂತಾ ಸಾರ್?" ಅಂತ ಕೇಳಿದೆ.

"ಗಾಳಿ ರೋಗ ತರಂಗಿಲ್ರೀ. ನರ ಮೊದಲಾ ಕೆಟ್ಟೈತಿ. ಗಾಳಿ ಒಂದೀಟು ತಾಗಿದ್ರ ಸಾಕು, ಅದು ಕಿರುಚಿಕೊಳ್ತೈತಿ, ಅಷ್ಟಾ."

ಡಾಕ್ಟರು ಅಷ್ಟಾ ಅಂದದ್ದರೊಳಗೆ ನನ್ನ ವರ್ಷದ ಎಲ್ಲ ತಿಂಗಳೂ ಸೇರಿಹೋದವು. ಆಷಾಢ, ಶ್ರಾವಣ ಎರಡು ತಿಂಗಳೂ ಮಫ್ಲರು. ಬೇಸಿಗೆಯಲ್ಲಿ ಸ್ವಲ್ಪ ಹಗುರ, ಆದರೆ ಕೂಲರಿನ ಮುಂದೆ ಕೂರುವಂತಿಲ್ಲ. ಮಳೆ ಕಟ್ಟಿಕೊಂಡು ಬರುವ ದಿನ ದವಡೆಯಲ್ಲಿ ಏನೋ ಭಾರ. ಅದು ನಿಜವೋ ನನ್ನ ಹೆದರಿಕೆಯೋ ಇವತ್ತಿಗೂ ಗೊತ್ತಿಲ್ಲ. ಮಾಗಿಯ ಬೆಳಗಿನ ಥಂಡಿ ಎಲ್ಲಕ್ಕಿಂತ ಕೆಟ್ಟದ್ದು. ಆಕಾಶ ನೋಡಿ ಹಲ್ಲುಜ್ಜುವ ಮನುಷ್ಯನಾದೆ. ಮುದ್ದೆ ಉಣ್ಣುವ ಸೀಮೆಯಲ್ಲಿ ಹುಟ್ಟಿದ್ದು ಪುಣ್ಯ, ಅಗಿಯದೆ ನುಂಗಬಹುದು. ಕ್ಷೌರ ಮಾತ್ರ ಆಗುತ್ತಿರಲಿಲ್ಲ. ಗಟ್ಟಿಯಾಗಿ ಒತ್ತಿದರೆ ಏನೂ ಆಗದ ಜಾಗಕ್ಕೆ ಸೋಪಿನ ಬ್ರಷ್ಷು ಸೋಕಿದರೆ ಸಾಕು, ಜೀವ ಹೋಗುತ್ತಿತ್ತು. ಕೆಲವೊಮ್ಮೆ ಒಂದೆರಡು ತಿಂಗಳು ನೋವು ತಾನಾಗಿ ಮಾಯವಾಗುತ್ತಿತ್ತು. ಆಗ ಬೇಗ ಬೇಗ ಗಡ್ಡ ತೆಗೆಸಿ, ಏನೂ ಆಗಿಲ್ಲದವನ ಹಾಗೆ ಓಡಾಡುತ್ತಿದ್ದೆ.

ಏನೂ ಆಗಿಲ್ಲದವನ ಹಾಗೆ ಇರಬೇಕಾದದ್ದಕ್ಕೆ ಕಾರಣವಿತ್ತು. ಮಾತ್ರೆ ತರಲು ಮೊದಲ ಸಲ ಮೆಡಿಕಲ್ ಶಾಪಿಗೆ ಹೋದಾಗ ಅಂಗಡಿಯವನು ಚೀಟಿ ನೋಡಿ ತೆಲುಗಿನಲ್ಲಿ ಗಟ್ಟಿಯಾಗಿ, "ಇದಿ ಫಿಟ್ಸ್ ಮಾತ್ರ ಕದಾ ಅನ್ನಾ, ಎವರಿಕಿ?" ಅಂದ. ಮೂರ್ಛೆರೋಗದ ಮಾತ್ರೆ, ಯಾರಿಗೆ ಅಂತ. ನನ್ನ ಹಿಂದೆ ನಮ್ಮ ಶೆಡ್ಡಿನ ಟೈಲರೊಬ್ಬ ನಿಂತಿದ್ದ. ಅವನು ನಮ್ಮೂರ ಪಕ್ಕದವನೇ. ಮೂರ್ಛೆ ಬರುವವನ ಕೈಗೆ ಕಟಿಂಗ್ ಮಷೀನು ಯಾರು ಕೊಡುತ್ತಾರೆ? "ಪಕ್ಕಿಂಟಿವಾಳ್ಳಕಿ" ಅಂದೆ, ಪಕ್ಕದ ಮನೆಯವರಿಗೆ ಅಂತ. ಅಲ್ಲಿಂದಾಚೆಗೆ ಮಾತ್ರೆಯನ್ನು ಬೀಡಿಕಟ್ಟಿನ ಕಾಗದದಲ್ಲಿ ಸುತ್ತಿ ಇಟ್ಟುಕೊಳ್ಳುತ್ತಿದ್ದೆ. ಅಮ್ಮನಿಗೂ ಹೇಳಲಿಲ್ಲ, ತಮ್ಮನಿಗೂ ಹೇಳಲಿಲ್ಲ. ಹೆಂಡತಿಗೆ ಮಾತ್ರ ಗೊತ್ತು. ಅವಳಿಂದ ಯಾರಿಗೂ ಹೇಳುವುದಿಲ್ಲ ಅಂತ ಮಾತು ತೆಗೆದುಕೊಂಡಿದ್ದೆ.

ಅಪ್ಪನಿಗೆ ಲಕ್ವ ಹೊಡೆದದ್ದು ನನ್ನ ನೋವು ಶುರುವಾದ ಮರುವರ್ಷ. ಎಡಗೈ, ಎಡಗಾಲು ಬಿದ್ದುಹೋದವು, ಮಾತು ತೊದಲಿತು. ಎರಡು ವರ್ಷ ಹಾಸಿಗೆಯಲ್ಲಿದ್ದರು. ಎತ್ತಿ ಕೂರಿಸುವುದು, ಮೈ ತೊಳೆಯುವುದು, ಹೊರಕಡೆಗೆ ಹೊತ್ತೊಯ್ಯುವುದು ಎಲ್ಲ ತಮ್ಮನದೇ. ನಾನು ಬೇಸಿಗೆಯಲ್ಲಿ ಎರಡು ಸಲ, ಒಂದು ದೀಪಾವಳಿಗೆ ಹೋಗಿದ್ದೆ. ಕೊನೆಯ ಆರು ತಿಂಗಳು ಹೋಗಲೇ ಇಲ್ಲ. ಆಷಾಢದಲ್ಲಿ ಗಾಳಿ, ಆಮೇಲೆ ಮಳೆಗಾಳಿ, ಆಮೇಲೆ ಚಳಿ. ಕಲ್ಯಾಣದುರ್ಗ ದಾಟಿ ಬಸ್ಸಿನಲ್ಲಿ ಅಷ್ಟು ದೂರ ಹೋಗಬೇಕು. ಕಿಟಕಿ ಮುಚ್ಚಿ ಅಂದರೆ ಜನ ಬೈಯುತ್ತಾರೆ. "ಕೆಲಸ ಜಾಸ್ತಿ" ಅಂತ ಫೋನಿನಲ್ಲಿ ಹೇಳುತ್ತಿದ್ದೆ. ತಮ್ಮ ಫೋನನ್ನು ಅಪ್ಪನ ಬಾಯಿಯ ಹತ್ತಿರ ಹಿಡಿಯುತ್ತಿದ್ದ. ಅಪ್ಪನಿಗೆ ಮಾತು ಹೊರಡುತ್ತಿರಲಿಲ್ಲ. ನನಗೆ ತುಟಿ ಅಲ್ಲಾಡಿಸಲು ಹೆದರಿಕೆ. ಇಬ್ಬರೂ ಊಂ, ಊಂ ಅಂದುಕೊಂಡು ಇಟ್ಟುಬಿಡುತ್ತಿದ್ದೆವು. ಮಗನಿಗೆ ಸಂಕಟದಿಂದ ಮಾತು ಬರುತ್ತಿಲ್ಲ ಅಂತ ಅಪ್ಪ ತಿಳಿದುಕೊಂಡಿರಬೇಕು.

ಅಪ್ಪ ತೀರಿಕೊಂಡದ್ದು ಪುಷ್ಯದಲ್ಲಿ. ಇದ್ದ ಒಂದು ಹಾಳೆ ಮಾತ್ರೆ ಜೇಬಿಗೆ ಹಾಕಿಕೊಂಡು ನಾನೂ ಹೆಂಡತಿಯೂ ಜೀಪಿನಲ್ಲಿ ಹೋದೆವು. ಮನೆ ತುಂಬ ಜನ. ಹಿತ್ತಲಿಗೆ ಹೋಗಿ ಕದ್ದು ಮಾತ್ರೆ ನುಂಗುತ್ತಿದ್ದೆ. ಆರನೇ ದಿನಕ್ಕೆ ಮಾತ್ರೆ ಮುಗಿಯಿತು. ಮಡಕಶಿರಕ್ಕೆ ಯಾರನ್ನಾದರೂ ಕಳಿಸಿದ್ದರೆ ಒಂದು ಗಂಟೆಯಲ್ಲಿ ಬರುತ್ತಿತ್ತು. ಆದರೆ ಚೀಟಿ ಯಾರ ಕೈಗೆ ಕೊಡುವುದು? ಕೊಡಲಿಲ್ಲ. ಹತ್ತನೇ ದಿನದ ಹೊತ್ತಿಗೆ ನೀರು ಕುಡಿಯಲೂ ಹೆದರುವಂತಾಗಿತ್ತು. ಊಟ ಬಿಟ್ಟೆ. "ಪಾಪ, ಅಪ್ಪನ್ನ ನೆನೆಸ್ಕಂಡು ಅನ್ನ ಸೇರ್ತಿಲ್ಲ" ಅಂತ ಹೆಂಗಸರು ಮಾತಾಡಿಕೊಂಡರು.

ಹನ್ನೊಂದನೇ ದಿನ ಬೆಳಿಗ್ಗೆ ಎಲ್ಲರೂ ತೋಟದ ಬಾವಿಯ ಹತ್ತಿರ ಸೇರಿದೆವು. ಕೆರೆಯ ಕಡೆಯಿಂದ ಥಂಡಿ ಗಾಳಿ ಬೀಸುತ್ತಿತ್ತು. ಕ್ಷೌರ ಮಾಡುವವರು ಕಲ್ಲಿನ ಮೇಲೆ ಚೀಲ ಬಿಚ್ಚಿ, ತಂಬಿಗೆಯಲ್ಲಿ ನೀರಿಟ್ಟುಕೊಂಡು ಕೂತಿದ್ದರು. ಅಪ್ಪನ ತಮ್ಮ, ನಮ್ಮ ಚಿಕ್ಕಪ್ಪ, ಎಲ್ಲದಕ್ಕೂ ಮುಂದೆ ನಿಂತಿದ್ದರು.

"ಬಾರಪ್ಪಾ, ನೀನು ಮೊದ್ಲು ಕೂತ್ಕ. ಹಿರೇ ಮಗ."

ನಾನು ನಿಂತೇ ಇದ್ದೆ. ಆ ಒದ್ದೆ ಕೈ ನನ್ನ ಮೇಲ್ತುಟಿಗೆ ಬರುವುದು ಕಣ್ಣಿಗೆ ಕಟ್ಟಿತು. ಇಷ್ಟು ಜನರ ಮುಂದೆ ಕಿರುಚಿ ನೆಲದ ಮೇಲೆ ಹೊರಳಾಡುತ್ತೇನೆ. ಶೆಡ್ಡಿನ ಆ ಟೈಲರೂ ಬಂದಿದ್ದಾನೆ, ಮೂರ್ಛೆ ಅಂದೇ ಅಂದುಕೊಳ್ಳುತ್ತಾನೆ.

"ಚಿಕ್ಕಪ್ಪಾ, ನಂಗಾಗಲ್ಲ" ಅಂದೆ.

"ಆಗಲ್ಲ ಅಂದ್ರೇನೋ?"

ನನಗೆ ಆಗ ನಾಲ್ಕು ತಿಂಗಳ ಗಡ್ಡವಿತ್ತು. ಕ್ಷೌರದಂಗಡಿಯವರು ಚಿಮುಕಿಸುವ ನೀರಿಗೆ ಹೆದರಿ ತಲೆಗೂದಲನ್ನೂ ಬಿಟ್ಟಿದ್ದೆ. ಚಿಕ್ಕಪ್ಪನ ಕಣ್ಣು ಅದರ ಮೇಲೆ ಓಡಾಡುವುದನ್ನು ನೋಡಿದೆ. ಮಾತು ತಾನಾಗಿ ಹೊರಗೆ ಬಂತು.

"ಹರಕೆ ಐತೆ. ತಿರುಪತಿಗೆ ಮುಡಿ ಬಿಟ್ಟಿದ್ದೀನಿ. ಅಪ್ಪ ಎದ್ದು ಓಡಾಡ್ಲಿ ಅಂತ."

ಚಿಕ್ಕಪ್ಪ ಟವೆಲಿನಿಂದ ಕಣ್ಣೊರೆಸಿಕೊಂಡರು. "ಅಂಗಾದ್ರೆ ಇಲ್ಲಿ ತೆಗಿಯಂಗಿಲ್ಲ. ಕೇಳಿದ್ದು ಸಿಗ್ದೇ ಇದ್ರೂ ದೇವ್ರಿಗೆ ಅಂತ ಬಿಟ್ಟಿದ್ದು ದೇವ್ರದೇ" ಅಂದು, ತಮ್ಮನ ಕಡೆ ತಿರುಗಿ, "ನೀನು ಕೂತ್ಕಳೋ" ಅಂದರು. ತಮ್ಮ ನನ್ನನ್ನು ಒಂದು ಸಲ ನೋಡಿದ. ಅಂಗಿ ಬಿಚ್ಚಿ ಕಲ್ಲಿನ ಮೇಲಿಟ್ಟು, ಹೋಗಿ ತಲೆ ಬಗ್ಗಿಸಿ ಕೂತ.

ಮಾತು ಅಮ್ಮನನ್ನು ತಲುಪಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಮನೆಗೆ ಬಂದಾಗ ಅಂಗಳದಲ್ಲೇ ಎದುರಾದಳು. "ನನ್ನಪ್ಪಾ, ಒಬ್ಬರಿಗೂ ಹೇಳ್ದಂಗೆ ಅಪ್ಪಂಗೋಸ್ಕರ ಮುಡಿ ಬಿಟ್ಟಿದ್ಯೇನಪ್ಪಾ" ಅಂತ ಎರಡೂ ಕೈಯಿಂದ ನನ್ನ ಮುಖ ಸವರಿದಳು. ಬಲಗೆನ್ನೆಯೊಳಗೆ ಸಿಡಿಲು ಹೊಡೆಯಿತು. ಹಲ್ಲು ಕಚ್ಚಿ ನಿಂತೆ. ಕಣ್ಣಿನಿಂದ ನೀರು ದಳದಳ ಇಳಿಯಿತು. ಅಮ್ಮ ಆ ನೀರನ್ನು ಸೆರಗಿನಲ್ಲಿ ಒರೆಸಿದಳು, ಮತ್ತೆ ಸಿಡಿಲು. ಸುತ್ತ ನಿಂತ ಹೆಂಗಸರೂ ಅತ್ತರು. ಅಪ್ಪ ಸತ್ತ ಮೇಲೆ ನಾನು ಅತ್ತದ್ದು ಅದೊಂದೇ ಸಲ. ಅದೂ ಅಪ್ಪನಿಗಾಗಿ ಅಲ್ಲ.

ರಾಯದುರ್ಗಕ್ಕೆ ವಾಪಸು ಬರುವಾಗ ಅರ್ಧ ದಾರಿಯಲ್ಲಿ ಹೆಂಡತಿ ಕೇಳಿದಳು. "ಬ್ಯಾನಿ ಐತಿ ಅಂತ ಹೇಳಿದ್ರ ಆಗ್ತಿರಲಿಲ್ಲೇನ್ರಿ? ದೇವರ ಹೆಸರು ಯಾಕ ತಂದ್ರಿ?"

"ಬಾಯಿಗೆ ಬಂತು."

"ಬಾಯಿಗೆ ಬಂತು. ಈಗ ನಿಮ್ಮ ಅವ್ವಗ ಏನ್ ಹೇಳ್ತೀರಿ?"

ನಾನು ಕೆನ್ನೆ ಹಿಡಿದುಕೊಂಡೆ. ಉತ್ತರ ಕೊಡದೆ ಇರಲು ಆ ನೋವು ಯಾವಾಗಲೂ ಒಳ್ಳೆಯ ನೆಪ. ಕೆನ್ನೆ ಹಿಡಿದುಕೊಂಡರೆ ಅವಳು ಸುಮ್ಮನಾಗುತ್ತಿದ್ದಳು.

ಮನೆಯಲ್ಲಿ ಸಾವಾದರೆ ಒಂದು ವರ್ಷ ಬೆಟ್ಟದ ದೇವರ ಹತ್ತಿರ ಹೋಗುವಂತಿಲ್ಲ. ಹಾಗಾಗಿ ಒಂದು ವರ್ಷ ನಾನು ಮುಡಿ ಬಿಟ್ಟವನಾಗಿಯೇ ಉಳಿದೆ. ಕೂದಲು ಹೆಗಲಿಗೆ ಬಂತು. ಶೆಡ್ಡಿನಲ್ಲಿ ಕೇಳಿದವರಿಗೂ ಅದೇ ಹರಕೆ. ಗಡ್ಡಕ್ಕೊಂದು ನೆಪ ಸಿಕ್ಕಿದ್ದರಿಂದ ಒಳಗೊಳಗೆ ನನಗೆ ಅನುಕೂಲವೇ ಆಯಿತು. ಅಮ್ಮ ಸಿಕ್ಕ ಸಿಕ್ಕವರಿಗೆಲ್ಲ ಹೇಳಿದಳು. ಬಸ್ಸಿನಲ್ಲಿ ಹೇಳಿದಳು, ಅಮರಾಪುರದ ಸಂತೆಯಲ್ಲಿ ಕುರಿ ಮಾರುವವರಿಗೆ ಹೇಳಿದಳು. ಒಂದು ಸಲ ಮಡಕಶಿರದ ಹೋಟೆಲಿನಲ್ಲಿ ಗುರುತಿಲ್ಲದ ಮುದುಕರೊಬ್ಬರು ಎದ್ದು ನಿಂತು, "ಕೂತ್ಕಳಪ್ಪ, ಅಪ್ಪಂಗೆ ಮುಡಿ ಬಿಟ್ಟ ಮಗ ನೀನೇ ಅಲ್ವಾ" ಅಂತ ಜಾಗ ಬಿಟ್ಟುಕೊಟ್ಟರು. ನಾನು ಕೂತೆ.

ಇದನ್ನೆಲ್ಲ ಹೇಗೋ ಸಹಿಸಬಹುದಿತ್ತು. ಸಹಿಸಲಾಗದ್ದು ಒಂದೇ. ಅಂದು ಬಾವಿಯ ಹತ್ತಿರ ಬೋಳುತಲೆಗೆ ಥಂಡಿ ನೀರು ಹುಯ್ಯಿಸಿಕೊಂಡ ತಮ್ಮ ವಾರಗಟ್ಟಲೆ ಜ್ವರದಲ್ಲಿ ಮಲಗಿದ. ಯುಗಾದಿಗೆ ನಾನು ಊರಿಗೆ ಹೋದಾಗ ಅವನಿಗೆ ಕೂದಲು ಇಷ್ಟಿಷ್ಟೇ ಚಿಗುರಿತ್ತು. ಕುರಿಯ ವಿಷಯಕ್ಕೆ ಏನೋ ಮಾತು ಬಂದು ಚಿಕ್ಕಪ್ಪ ಅವನ ಮೇಲೆ ರೇಗಿದರು. "ನಿಮ್ಮಣ್ಣನ್ನ ನೋಡಿ ಕಲ್ತ್ಕಳೋ. ಅಪ್ಪ ಅಂದ್ರೆ ಏನು ಅಂತ ಅವನಿಗೆ ಗೊತ್ತು" ಅಂದರು. ಎರಡು ವರ್ಷ ಅಪ್ಪನ ಮೈ ತೊಳೆದವನು ಆ ಮಾತು ಕೇಳಿಸಿಕೊಂಡು ನೆಲ ನೋಡುತ್ತ ನಿಂತ. ಬಾಯಿ ಬಿಡದೆ ಇರಲು ನನಗೆ ಆಗ ನೋವಿನ ನೆಪವೂ ಇರಲಿಲ್ಲ. ಬೇಸಿಗೆ, ಗಾಳಿ ಇಲ್ಲ, ಮಾತ್ರೆ ಕೆಲಸ ಮಾಡುತ್ತಿತ್ತು. ಆದರೂ ಬಾಯಿ ಬಿಡಲಿಲ್ಲ.

ವರ್ಷದ ತಿಥಿ ಮುಗಿದ ಮೇಲೆ ಅಮ್ಮನೇ ತಿರುಪತಿಗೆ ಹೋಗುವ ದಿನ ಗೊತ್ತು ಮಾಡಿದಳು. ಅಮ್ಮ, ನಾನು, ಹೆಂಡತಿ ಮೂವರೇ ಹೊರಟೆವು. ಕುರಿ ಬಿಟ್ಟು ಬರಲಾಗುವುದಿಲ್ಲ ಅಂತ ತಮ್ಮ ಬರಲಿಲ್ಲ. ಬೆಟ್ಟದ ಮೇಲೆ ಮಂಜು ಕವಿದಿತ್ತು. ನಾನು ಎಂದಿನದಕ್ಕಿಂತ ಒಂದು ಮಾತ್ರೆ ಹೆಚ್ಚೇ ನುಂಗಿದ್ದೆ. ಡಾಕ್ಟರನ್ನು ಕೇಳದೆ ಹಾಗೆ ಮಾಡಬಾರದಿತ್ತು. ತಲೆ ತಿರುಗುತ್ತಿತ್ತು, ಮೆಟ್ಟಿಲು ಎರಡೆರಡಾಗಿ ಕಾಣುತ್ತಿದ್ದವು. ಹೇಗೋ ಹಲ್ಲು ಕಚ್ಚಿ ಕೂತರೆ ಐದು ನಿಮಿಷದ ಕೆಲಸ, ಸುಳ್ಳು ಅಲ್ಲಿಗೆ ಮುಗಿದುಹೋಗುತ್ತದೆ ಅಂದುಕೊಂಡೆ.

ಕಲ್ಯಾಣಕಟ್ಟೆಯಲ್ಲಿ ಸಾಲಾಗಿ ಕೂತಿದ್ದ ಕ್ಷೌರಿಕರಲ್ಲಿ ಒಬ್ಬರ ಮುಂದೆ ಕೂತೆ. ವಯಸ್ಸಾದವರು. ಬಿಸಿನೀರು ತಲೆಗೆ ಹಾಕಿ ನೆನೆಸಿ, ಬ್ಲೇಡು ಇಟ್ಟು ಎಳೆಯತೊಡಗಿದರು. ಕೂದಲು ಗೊಂಚಲು ಗೊಂಚಲಾಗಿ ಮಡಿಲಿಗೆ ಬಿತ್ತು. ನಾನು ಕಣ್ಣು ಮುಚ್ಚಿ ನೋವಿಗೆ ಕಾಯುತ್ತಿದ್ದೆ. ನೋವು ಬರಲಿಲ್ಲ. ನೆತ್ತಿ ಆಯಿತು, ಹಿಂದಲೆ ಆಯಿತು, ಕಿವಿಯ ಹಿಂದೆ ಆಯಿತು. ಒಂದು ಚೂರೂ ನೋವಿಲ್ಲ.

ಆಗ ನನಗೆ ತಿಳಿಯಿತು. ನನ್ನ ನೋವು ಕೆನ್ನೆಯದು, ತುಟಿಯದು. ತಲೆಗೂ ಅದಕ್ಕೂ ಸಂಬಂಧವೇ ಇರಲಿಲ್ಲ. ಅಂದು ಬಾವಿಯ ಹತ್ತಿರ ನಾನು ತಲೆಯನ್ನಾದರೂ ಕೊಡಬಹುದಿತ್ತು. ಮೀಸೆ ಆಗುವುದಿಲ್ಲ, ತಲೆಗೂದಲು ತೆಗೀರಿ ಅಂದಿದ್ದರೆ ಸಾಕಿತ್ತು. ಅಪ್ಪನಿಗೆ ಸಲ್ಲಬೇಕಾದ ಕೂದಲನ್ನು ನಾನು ಹೆದರಿಕೊಂಡು ಕೊಡದೆ ಉಳಿಸಿಕೊಂಡಿದ್ದೆ. ನೋವಿನ ಮೇಲೆ ಹೊರಿಸಿದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ನನ್ನದೇ ಪುಕ್ಕಲುತನ.

"ಗಡ್ಡಂ ಕೂಡಾನಾ?" ಅಂತ ಕೇಳಿದರು ಕ್ಷೌರದವರು, ಗಡ್ಡವೂನಾ ಅಂತ. ಪಕ್ಕದಲ್ಲಿ ನಿಂತ ಅಮ್ಮ, "ಅವುನಯ್ಯಾ, ಅಂತಾ ತೀಯಿ" ಅಂದಳು. ಎಲ್ಲಾ ತೆಗಿ ಅಂತ.

ಒದ್ದೆ ಬೆರಳು ಮೇಲ್ತುಟಿಗೆ ತಾಗಿತು. ಮುಂದಿನದು ನನಗೆ ಪೂರ್ತಿ ನೆನಪಿಲ್ಲ. ಕೂಗಿದೆನಂತೆ. ಕೈ ಬೀಸಿ ಅವರನ್ನು ತಳ್ಳಿದೆನಂತೆ. ಕಣ್ಣು ಬಿಟ್ಟಾಗ ಅವರು ತಮ್ಮ ಹೆಬ್ಬೆರಳನ್ನು ಬಾಯಲ್ಲಿಟ್ಟುಕೊಂಡಿದ್ದರು, ಪಂಚೆಯ ಮೇಲೆ ರಕ್ತದ ಹನಿ ಬಿದ್ದಿತ್ತು. ಬ್ಲೇಡು ಅವರಿಗೇ ತಾಗಿತ್ತು. ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡುತ್ತಿದ್ದರು. ನಾನು ಎರಡೂ ಕೈ ಮುಗಿದೆ. ಅವರು ಬೈಯಲಿಲ್ಲ. "ಏಮೈಂದಯ್ಯಾ ನೀಕು?" ಅಂತ ಮಾತ್ರ ಕೇಳಿದರು, ನಿನಗೇನಾಯಿತಯ್ಯಾ ಅಂತ.

ಅದಕ್ಕೆ ನನ್ನ ಹೆಂಡತಿ ಉತ್ತರ ಕೊಟ್ಟಳು. ನನಗಲ್ಲ, ಅವರಿಗೂ ಅಲ್ಲ, ಅಮ್ಮನಿಗೆ. "ಅತ್ತೀ, ಅವರಿಗೆ ಮುಖದ ನರದ ಬ್ಯಾನಿ ಐತ್ರಿ. ನಾಕು ವರ್ಷ ಆತು. ನಾನೂ ಬಾಯಿ ಮುಚ್ಕೊಂಡಿದ್ದೆ, ನಂದೂ ತಪ್ಪೈತಿ."

ಅಮ್ಮ ನನ್ನನ್ನು ಹೊರಗೆ ಕರೆದುಕೊಂಡು ಬಂದಳು. ಕಲ್ಲುಬೆಂಚಿನ ಮೇಲೆ ಕೂರಿಸಿದಳು. ನನ್ನ ತಲೆ ಬೋಳು, ಗಡ್ಡ ಹಾಗೇ ಇತ್ತು.

"ನಾಕು ವರ್ಷದಿಂದಾನಾ?"

"ಹೂಂನಮ್ಮ."

"ಅವತ್ತು ನಾನು ಮುಖ ಸವರಿದ್ನಲ್ಲ, ಅವಾಗ?"

ನನ್ನ ಕೈ ಕೆನ್ನೆಗೆ ಹೋಯಿತು. ಅಮ್ಮ ತನ್ನ ಅಂಗೈಗಳನ್ನು ಒಂದು ಸಲ ನೋಡಿಕೊಂಡಳು.

"ಮತ್ತೆ ಹರಕೆ?"

"ಹರಕೆ ಇಲ್ಲಮ್ಮ. ಅವತ್ತೇ ಹೇಳಿದ್ದು. ಕ್ಷೌರ ತಪ್ಪಿಸ್ಕಳಕ್ಕೆ."

ಬೈಯುತ್ತಾಳೆ ಅಂದುಕೊಂಡೆ. ಬೈಯಲಿಲ್ಲ. ಸೆರಗಿನಿಂದ ನನ್ನ ಬೋಳುತಲೆಯ ಮೇಲಿನ ನೀರು ಒರೆಸಿದಳು. ಆಮೇಲೆ, "ಒಂದು ವರ್ಷ ನನ್ನ ಬಾಯಲ್ಲಿ ಸುಳ್ಳು ಹೇಳಿಸ್ದಲ್ಲೋ" ಅಂದಳು. "ನಿನ್ನ ನೋವು ಹೇಳಿದ್ರೆ ನಾನು ಊರ ಬಾಯಿ ಮುಚ್ಚಿಸ್ತಿರ್ಲಿಲ್ವಾ? ಚಿಕ್ಕೋನಿಗೆ ನಾನು ಏನು ಮಕ ತೋರಿಸ್ಲಿ?"

ಎದ್ದು ನಿಂತು ನನ್ನ ಹೆಂಡತಿಯನ್ನು ಕರೆದಳು. "ಬಾರಮ್ಮ, ನನ್ನ ಕೈ ಹಿಡ್ಕ. ತಪ್ಪುಕಾಣಿಕೆ ಕೊಡ್ಬೇಕು."

ಹುಂಡಿಗೆ ಏನೋ ಹಾಕುತ್ತಾಳೆ ಅಂದುಕೊಂಡು ಹಿಂದೆ ಹೋದೆ. ಅವಳು ನೇರವಾಗಿ ಹೆಂಗಸರಿಗೆ ಮುಡಿ ತೆಗೆಯುವ ಕಡೆ ಹೋಗಿ ಕೂತಳು. ಅಮ್ಮನ ಕೂದಲು ಬೆಳ್ಳಗಾಗಿದ್ದರೂ ದಟ್ಟವಾಗಿತ್ತು. ಎಪ್ಪತ್ತರ ಮೇಲಾಗಿದ್ದರೂ ತುರುಬು ಕೈ ತುಂಬ ಬರುತ್ತಿತ್ತು. "ಬ್ಯಾಡಮ್ಮ" ಅಂದೆ. "ನೀನು ಸುಮ್ಕಿರು" ಅಂದಳು. ಹೆಂಡತಿ ಅವಳ ಹೆಗಲು ಹಿಡಿದುಕೊಂಡು ಅಳುತ್ತಿದ್ದಳು. ಅಮ್ಮ ಅಳಲಿಲ್ಲ. ತಲೆ ಬಗ್ಗಿಸಿ, ನನ್ನ ತಮ್ಮ ಅಂದು ಕೂತ ಹಾಗೆಯೇ ಕೂತಿದ್ದಳು. ಒಂದು ವರ್ಷದಲ್ಲಿ ಇಬ್ಬರು ನನ್ನ ಬದಲಿಗೆ ತಲೆ ಕೊಟ್ಟರು.

ಊರಿಗೆ ಹೋದ ಮೇಲೆ ಅವಳು ಮಾಡಿದ್ದು ಇನ್ನೂ ಕಷ್ಟದ ಕೆಲಸ. ಬೋಳುತಲೆಯ ಮೇಲೆ ಸೆರಗು ಹೊದ್ದು, ಹಿಂದೆ ಯಾರ ಯಾರ ಮನೆಯಲ್ಲಿ ನನ್ನ ಹರಕೆಯ ಕಥೆ ಹೇಳಿದ್ದಳೋ ಆ ಮನೆಗಳಿಗೆಲ್ಲ ಹೋದಳು. ಮೊದಲ ದಿನ ನಾನೂ ಜೊತೆಗೆ ಹೋದೆ. ಬಾಗಿಲಲ್ಲೇ ನಿಂತು ಹೇಳುತ್ತಿದ್ದಳು. "ನನ್ನ ಮಗ ಹರಕೆ ಹೊತ್ತಿರ್ಲಿಲ್ಲ ಕಣವ್ವ. ಅವನಿಗೆ ಮಕದ ನೋವು, ಹೆದರ್ಕಂಡು ಸುಳ್ಳು ಹೇಳ್ದ. ಅಪ್ಪನ್ನ ನೋಡ್ಕಂಡಿದ್ದು ಚಿಕ್ಕೋನು. ತಲೆ ಕೊಟ್ಟಿದ್ದೂ ಚಿಕ್ಕೋನು." ಒಬ್ಬರು ನಕ್ಕರು. ಒಬ್ಬರು ನನ್ನನ್ನು ಒಳಗೆ ಕರೆದು ಕೂರಿಸಿ, ಕೆನ್ನೆಗೆ ಬೇವಿನೆಣ್ಣೆ ಹಚ್ಚು ಅಂದರು. ಮೂರನೇ ಮನೆಯ ಹೊತ್ತಿಗೆ ನನಗೆ ತಡೆಯಲಾಗಲಿಲ್ಲ. ಗಾಳಿ ಜಾಸ್ತಿಯಾಯಿತು ಅಂದು ಮನೆಗೆ ವಾಪಸು ಬಂದುಬಿಟ್ಟೆ. ಅವತ್ತು ಗಾಳಿ ಇರಲಿಲ್ಲ. ಅಮ್ಮ ಉಳಿದ ಮನೆಗಳಿಗೆ ಒಬ್ಬಳೇ ಹೋದಳು. ಚಿಕ್ಕಪ್ಪನ ಮನೆಗೂ.

ರಾಯದುರ್ಗದಲ್ಲಿ ನಾನೇ ಹೇಳಬೇಕಾಯಿತು. ಆ ಟೈಲರನ ಮೂಲಕ ಮಾತು ಮುಟ್ಟುವ ಮೊದಲೇ ಶೆಡ್ಡಿನ ಯಜಮಾನರ ಮುಂದೆ ಮಾತ್ರೆಯ ಹಾಳೆ ಇಟ್ಟೆ. ಅವರು ಡಾಕ್ಟರರ ಕಾಗದ ತರಲು ಹೇಳಿದರು. ಕಾಗದದಲ್ಲಿ ಮೂರ್ಛೆ ಅಲ್ಲ ಅಂತಲೇ ಇತ್ತು. ಆದರೆ ಮಾತ್ರೆಯಿಂದ ಮಂಪರು ಬರಬಹುದು ಅಂತಲೂ ಇತ್ತು. ನನ್ನನ್ನು ಮಷೀನಿನಿಂದ ತೆಗೆದು ಗುರುತು ಹಾಕುವ ಟೇಬಲ್ಲಿಗೆ ಹಾಕಿದರು. ಯೋಚಿಸಿದರೆ ಅದೇ ಸರಿ. ಮೂರು ವರ್ಷ ಮಂಪರಿನಲ್ಲಿ ಆ ಬ್ಲೇಡು ಓಡಿಸಿದ್ದೇನೆ, ಪಕ್ಕದಲ್ಲಿ ಬಟ್ಟೆ ಹಿಡಿದು ನಿಂತವರ ಬೆರಳುಗಳ ಬಗ್ಗೆ ಒಂದು ದಿನವೂ ಯೋಚಿಸದೆ. ಆಪರೇಷನ್ ಮಾಡಬಹುದು ಅಂತ ಡಾಕ್ಟರು ಹೇಳಿದ್ದಾರೆ. ಇನ್ನೂ ಗಟ್ಟಿ ಮನಸ್ಸು ಮಾಡಿಲ್ಲ.

ತಮ್ಮ ಎಂಟು ತಿಂಗಳು ನನ್ನ ಜೊತೆ ಮಾತು ಬಿಟ್ಟ. ಫೋನು ಮಾಡಿದರೆ ಅಮ್ಮನ ಕೈಗೆ ಕೊಡುತ್ತಿದ್ದ. ಭಾದ್ರಪದದಲ್ಲಿ ನೋವು ಸ್ವಲ್ಪ ಬಿಡುವು ಕೊಟ್ಟಿತು. ಊರಿಗೆ ಹೋದೆ. ಅವನು ಕುರಿ ಹೊಡೆದುಕೊಂಡು ಗುಡ್ಡದ ಕಡೆ ಹೊರಟಿದ್ದ, ಹಿಂದೆಯೇ ನಡೆದೆ.

"ನನ್ನಿಂದ ತಪ್ಪಾಯ್ತು ಕಣೋ" ಅಂದೆ.

ಅವನು ತಿರುಗಲಿಲ್ಲ. "ಊರೋರು ಏನಂದ್ರೂ ನಂಗೆ ಬೇಜಾರಿಲ್ಲ" ಅಂದ. "ಅಪ್ಪ ಕೊನೇ ಮೂರು ತಿಂಗ್ಳು ಬಾಗ್ಲ ಕಡೆ ಕೈ ತೋರಿಸ್ಕಂಡು ನಿನ್ನೇ ಕೇಳ್ತಿದ್ದ. ಕೆಲಸ ಕಣಪ್ಪ, ಬತ್ತಾನೆ ಅಂತ ದಿನಾ ಹೇಳ್ತಿದ್ದೆ. ನೋವು ಅಂತ ಗೊತ್ತಿದ್ರೆ ನೋವು ಅಂತ ಹೇಳ್ತಿದ್ದೆ. ಮಗ ಬರಾಕಾಗ್ದೆ ಬರ್ಲಿಲ್ಲ ಅಂದ್ಕಂಡು ಹೋಗ್ತಿದ್ದ. ಬ್ಯಾಡ ಅಂತ ಬರ್ಲಿಲ್ಲ ಅಂದ್ಕಂಡು ಹೋದ."

ಕುರಿಗಳು ಮುಂದೆ ಹೋದವು, ನಾವು ಹಿಂದೆ. ಗುಡ್ಡದ ಓರೆಗೆ ಬಂದಾಗ ಅವನು ಕೋಲಿನಿಂದ ಬಂಡೆಯ ಒಳಮಗ್ಗುಲು ತೋರಿಸಿದ.

"ಈ ಕಡೆ ಬಾ. ಆ ಕಡೆ ಗಾಳಿ ಐತೆ."

ಆ ಮಾತು ಕೇಳಿ ಮನಸ್ಸು ಹಗುರಾಗಬೇಕಿತ್ತು. ಆಗಲಿಲ್ಲ. ಬೈದಿದ್ದರೆ ಆಗುತ್ತಿತ್ತೇನೋ. ಅವನ ಮುಖ ನೋಡಲಾಗದೆ ತಲೆ ತಗ್ಗಿಸಿಕೊಂಡು, ಅವನು ತೋರಿಸಿದ ಕಡೆಗೇ ಹೋಗಿ ನಡೆದೆ.